ತಣ್ಣಗಿದ್ದಾಗ ಎಲ್ಲವೂ ಸರಿ

2016ರ ಏಪ್ರಿಲ್ ತಿಂಗಳ ಒಂದು ಭಾನುವಾರ. ತೀರ್ಥಹಳ್ಳಿಯಲ್ಲಿ ನೆಂಟರ ಮನೆಯ ಗೃಹಪ್ರವೇಶ. ಶಿವಮೊಗ್ಗದಿಂದ ಹೊರಟು ಮಂಡಗದ್ದೆ ಹತ್ತಿರ ಬರುತ್ತಿದ್ದ ಹಾಗೆ ನಮ್ಮ ಕಾರು ನಿಂತುಬಿಟ್ಟಿತು. ಕೆಮ್ಮಲಿಲ್ಲ, ಹೊಗೆ ಉಗುಳಲಿಲ್ಲ. ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ಬಾಯಿ ಮುಚ್ಚಿದ ಹಾಗೆ ಸುಮ್ಮನಾಯಿತು. ನಮ್ಮವರು ಇಳಿದು ಬಾನೆಟ್ ಎತ್ತಿ ಒಳಗೆ ನೋಡಿದರು. ಕಾರು ನಿಂತಾಗ ಬಾನೆಟ್ ಎತ್ತಿ ನೋಡುವುದು ಗಂಡಸರ ಧರ್ಮ. ಒಳಗಿರುವುದೇನೆಂದು ತಿಳಿದಿರಬೇಕೆಂಬ ನಿಯಮವೇನೂ ಇಲ್ಲ. ನಾನು ರೇಷ್ಮೆ ಸೀರೆಯ ಸೆರಗು ಕಟ್ಟಿಕೊಂಡು ಮರದ ನೆರಳಿನಲ್ಲಿ ನಿಂತೆ. ಅರ್ಧ ಗಂಟೆ ಕಳೆದ ಮೇಲೆ ಸುಮ್ಮನೆ ಒಮ್ಮೆ ಕೀಲಿ ತಿರುಗಿಸಿದರೆ ಏನೂ ಆಗದ ಹಾಗೆ ಸ್ಟಾರ್ಟ್ ಆಯಿತು!

ಅದು 2003ರ ಕಾರು. 2007ರಲ್ಲಿ ನನ್ನ ಸಂಬಳದ ಮೇಲೆ ಸಾಲ ತೆಗೆದು, ಬ್ಯಾಂಕಿನ ಅಧಿಕಾರಿಯೊಬ್ಬರಿಂದ ಕೊಂಡದ್ದು. ಸಾಲದ ಕಂತು ಐದು ವರ್ಷ ನನ್ನ ಸಂಬಳದಿಂದಲೇ ಕಡಿತವಾಗುತ್ತಿದ್ದುದರಿಂದ ಮನೆಯಲ್ಲಿ ಅದಕ್ಕೆ ‘ಅಮ್ಮನ ಕಾರು’ ಎಂದೇ ಹೆಸರು. ಆ ದಿನದಿಂದ ಅಮ್ಮನ ಕಾರಿಗೆ ವಿಚಿತ್ರವಾದ ಕಾಯಿಲೆ ಹಿಡಿಯಿತು. ಬೆಳಿಗ್ಗೆ ತರಕಾರಿ ತರಲು ಹೋದರೆ ಚೆನ್ನಾಗಿ ಓಡುತ್ತದೆ. ಮೂವತ್ತು ನಲವತ್ತು ನಿಮಿಷ ಬಿಸಿಲಿನಲ್ಲಿ ಓಡಿಸಿದರೆ ನಿಲ್ಲುತ್ತದೆ. ತಣ್ಣಗಾದ ಮೇಲೆ ಮತ್ತೆ ಸರಿ.

ನಮ್ಮ ಬೀದಿಯ ಮೆಕ್ಯಾನಿಕ್ ಮೊದಲು ಪೆಟ್ರೋಲ್ ಫಿಲ್ಟರ್ ಬದಲಿಸಿದ. ಆಮೇಲೆ ಪೆಟ್ರೋಲ್ ಪಂಪು ಬದಲಿಸಿದ. ಆಮೇಲೆ ಎಂಜಿನ್ ತಿರುಗುವುದನ್ನು ಲೆಕ್ಕ ಹಿಡಿಯುವ ಸೆನ್ಸರ್ ಬದಲಿಸಿದ. ಬಿಸಿಯಾದಾಗ ನಿಂತುಹೋಗುವ ಕಾರಿನಲ್ಲಿ ಅನೇಕ ಸಲ ತಪ್ಪಿತಸ್ಥ ಅದೇ ಆಗಿರುತ್ತದಂತೆ, ನಮ್ಮದರಲ್ಲಿ ಆಗಿರಲಿಲ್ಲ. ಹನ್ನೊಂದು ಸಾವಿರ ಖರ್ಚಾಯಿತು, ಕಾಯಿಲೆ ಹೋಗಲಿಲ್ಲ. ಕೊನೆಗೆ ದೊಡ್ಡ ಸರ್ವಿಸ್ ಸೆಂಟರಿಗೆ ಒಯ್ದೆವು. ಅವರು ಕಾರನ್ನು ಚೆನ್ನಾಗಿ ಬಿಸಿ ಮಾಡಿ, ನಿಂತ ಗಳಿಗೆಯಲ್ಲೇ ತಮ್ಮ ಸ್ಕ್ಯಾನರ್ ಜೋಡಿಸಿದರು. ಆ ಹೊತ್ತಿನಲ್ಲಿ ಸ್ಕ್ಯಾನರಿನ ಪ್ರಶ್ನೆಗೆ ಕಾರು ಉತ್ತರವನ್ನೇ ಕೊಡಲಿಲ್ಲವಂತೆ. ಬ್ಯಾಟರಿ, ರಿಲೇ, ಅರ್ಥಿಂಗ್ ವೈರು ಎಲ್ಲ ಸರಿಯಿದ್ದವು. “ಇಸಿಎಂ ಹೋಗಿದೆ ಮೇಡಂ. ಹೊಸದಕ್ಕೆ ಮೂವತ್ತು ಸಾವಿರದ ಹತ್ತಿರ ಆಗುತ್ತೆ. ಈ ಮಾಡೆಲ್ಲಿಗೆ ಸ್ಟಾಕ್ ಕೂಡ ಇಲ್ಲ, ತರಿಸಬೇಕು. ಹಳೇ ಗಾಡಿಗೆ ಇಷ್ಟೆಲ್ಲ ಯಾಕೆ, ಕೊಟ್ಟುಬಿಡಿ” ಎಂದರು. ಆಗ ನಮ್ಮ ಕಾರಿನ ಬೆಲೆ ಹೆಚ್ಚೆಂದರೆ ಅರವತ್ತು ಸಾವಿರ.

ನಾನು ಕನ್ನಡ, ಸಮಾಜ ಪಾಠ ಮಾಡುವವಳು. ಇಸಿಎಂ ಎಂದರೇನೆಂದು ಎಂಜಿನಿಯರಿಂಗ್ ಓದುತ್ತಿದ್ದ ಮಗನನ್ನು ಕೇಳಿ ತಿಳಿದುಕೊಂಡೆ. ಹಿಂದಿನ ಕಾರುಗಳಲ್ಲಿ ಕಾರ್ಬ್ಯುರೇಟರ್ ಗಾಳಿಗೂ ಪೆಟ್ರೋಲಿಗೂ ಜೊತೆ ಮಾಡುತ್ತಿತ್ತು. ನನ್ನ ಅತ್ತೆ ಕಣ್ಣಂದಾಜಿನಲ್ಲಿ ಸಾರಿಗೆ ಉಪ್ಪು ಹಾಕುತ್ತಿದ್ದರಲ್ಲ, ಹೆಚ್ಚುಕಡಿಮೆ ಹಾಗೆ. 1967ರಲ್ಲಿ ಜರ್ಮನಿಯ ಬಾಷ್ ಕಂಪನಿ ಫೋಕ್ಸ್‌ವ್ಯಾಗನ್ ಕಾರಿಗೆ ಈ ಕೆಲಸವನ್ನು ವಿದ್ಯುತ್ತಿನಿಂದ ಲೆಕ್ಕ ಹಾಕಿ ಮಾಡುವ ಪೆಟ್ಟಿಗೆಯೊಂದನ್ನು ಕೊಟ್ಟಿತು. ನಮ್ಮ ದೇಶದಲ್ಲಿ 2000ನೇ ಇಸವಿಯ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಸಾಮಾನ್ಯರ ಕಾರುಗಳಲ್ಲೂ ಅದು ಬಂದು ಕುಳಿತಿತು. ಪುಸ್ತಕದಷ್ಟು ದೊಡ್ಡ ಅಲ್ಯೂಮಿನಿಯಂ ಪೆಟ್ಟಿಗೆ, ಒಳಗೊಂದು ಪುಟ್ಟ ಕಂಪ್ಯೂಟರು. ಎಂಜಿನ್ನಿನ ನೀರು ಎಷ್ಟು ಬಿಸಿ, ಒಳಗೆ ಬರುವ ಗಾಳಿ ಎಷ್ಟು, ನಾವು ಆಕ್ಸಿಲರೇಟರ್ ಎಷ್ಟು ತುಳಿದಿದ್ದೇವೆ, ಹೊರಹೋಗುವ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಅದು ಕ್ಷಣಕ್ಷಣವೂ ಕೇಳಿಕೊಂಡು, ಪೆಟ್ರೋಲಿನ ನಳಿಕೆ ಎಷ್ಟು ಹೊತ್ತು ತೆರೆದಿರಬೇಕು ಎಂದು ತೀರ್ಮಾನಿಸುತ್ತದೆ. ಆ ಹೊತ್ತಿನ ಅಳತೆ ಸೆಕೆಂಡಿನ ಸಾವಿರದ ಕೆಲವೇ ಪಾಲು. ಒಂದು ಗ್ರಾಂ ಪೆಟ್ರೋಲ್ ಹದವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಹದ ಕಾಯುವುದೇ ಅದರ ಕೆಲಸ. ಒಟ್ಟಿನಲ್ಲಿ ಅದು ಕಾರಿನ ತಲೆ. ನಮ್ಮ ಕಾರಿಗೆ ತಲೆ ಕೆಟ್ಟಿತ್ತು.

ಮೂವತ್ತು ಸಾವಿರದ ಮಾತು ಕೇಳಿದ ಮೇಲೆ ನಮ್ಮವರು ಮಾರುವ ತೀರ್ಮಾನ ಮಾಡಿದರು. ಬ್ರೋಕರ್ ಬಂದ. ಎಲ್ಲವನ್ನೂ ಕೇಳಿ ನಕ್ಕು, “ಸಾರ್, ಇದೇನು ದೊಡ್ಡ ವಿಷಯ? ಗಿರಾಕಿಯನ್ನು ಬೆಳಿಗ್ಗೆ ಏಳು ಗಂಟೆಗೆ ಕರ್ಕೊಂಡು ಬರ್ತೀನಿ. ಗಾಡಿ ತಣ್ಣಗಿರುತ್ತೆ. ಬಸ್ ಸ್ಟ್ಯಾಂಡ್ ತನಕ ಒಂದು ರೌಂಡ್ ಹೊಡೆದ್ರೆ ಮುಗೀತು” ಎಂದ. ಮಗನೂ ಫೋನಿನಲ್ಲಿ, “ಹೌದಮ್ಮ, ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಅವರೇ ನೋಡ್ಕೊಬೇಕು. ನಾವೇನು ಸುಳ್ಳು ಹೇಳ್ತಿಲ್ಲವಲ್ಲ” ಎಂದ. ನನಗೂ ಅದು ತಪ್ಪೆನಿಸಲಿಲ್ಲವೆಂದೇ ಹೇಳಬೇಕು. ನಾವು ಸುಳ್ಳು ಹೇಳುತ್ತಿರಲಿಲ್ಲ. ಸುಮ್ಮನಿರುತ್ತಿದ್ದೆವು, ಅಷ್ಟೆ.

ಮರುದಿನ ಏಳು ಗಂಟೆಗೆ ಗಿರಾಕಿ ಬಂದ. ಹೊಸನಗರದ ಆಚೆಯ ಹಳ್ಳಿಯವನು, ಸ್ವಲ್ಪ ಅಡಿಕೆ ತೋಟವಿದ್ದ ಹುಡುಗ. ಜೊತೆಗೆ ಹೆಂಡತಿ, ಅವಳಿಗೆ ಏಳು ತಿಂಗಳಾಗಿತ್ತು. ಊರಿಗೆ ಬಸ್ಸು ದಿನಕ್ಕೆ ಎರಡೇ, ಹೆರಿಗೆ ಹೊತ್ತಿಗೆ ಮನೆಯಲ್ಲೊಂದು ಗಾಡಿ ಇರಲಿ ಎಂದು ಹೊರಟಿದ್ದರು. ಕಾರು ಒಂದು ಸುತ್ತು ಹೋಗಿ ಚೆನ್ನಾಗಿಯೇ ವಾಪಸು ಬಂತು. ಹುಡುಗ, “ಏನಾದ್ರೂ ತೊಂದರೆ ಇದೆಯಾ?” ಎಂದು ಕೇಳಿದ. ಕೇಳಿದ್ದು ಬ್ರೋಕರನ್ನು, ನೋಡಿದ್ದು ನನ್ನ ಮುಖವನ್ನು. ಬ್ರೋಕರ್, “ಟೀಚರ್ ಮನೆ ಗಾಡಿ. ಅದಕ್ಕಿಂತ ಗ್ಯಾರಂಟಿ ಬೇಕಾ?” ಎಂದ.

ನಾನು ಕಾಫಿ ತರುತ್ತೇನೆಂದು ಒಳಗೆ ಹೋದೆ. ಹಾಲು ಕಾಯುವ ತನಕ ಒಲೆಯ ಮುಂದೆ ನಿಂತೆ. ಹೊರಗೆ ಬಂದು, “ಈ ವಾರ ನಮಗೇ ಗಾಡಿ ಬೇಕಾಗಿದೆ, ಮುಂದಿನ ಭಾನುವಾರ ಬನ್ನಿ” ಎಂದೆ. ಆಗಲೂ ನಿಜ ಹೇಳಲಿಲ್ಲ, ಗಮನಿಸಿ. ನಿಜವನ್ನು ಒಂದು ವಾರ ಮುಂದೂಡಿದೆ. ಅವರು ಹೋದ ಮೇಲೆ ನಮ್ಮವರು ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ನನ್ನ ತಮ್ಮ ವಕೀಲ. ಅವನನ್ನು ಕೇಳಿದೆ. “ಅಕ್ಕ, ಕಾನೂನಿನಲ್ಲಿ ಸುಮ್ಮನಿರುವುದು ತಾನಾಗಿಯೇ ಮೋಸ ಆಗಲ್ಲ” ಎಂದು 1872ರ ಕರಾರು ಕಾಯಿದೆಯ ಹದಿನೇಳನೆಯ ಕಲಮನ್ನು ವಿವರಿಸಿದ. ಅಲ್ಲಿ ಉದಾಹರಣೆಗೆ ಒಂದು ಕುದುರೆ ಬರುತ್ತದೆ. ಒಬ್ಬ ತನ್ನ ರೋಗದ ಕುದುರೆಯನ್ನು ಹರಾಜಿನಲ್ಲಿ ಏನೂ ಹೇಳದೆ ಮಾರುತ್ತಾನೆ, ಅದು ಮೋಸವಲ್ಲ. ಆದರೆ ಕೊಳ್ಳುವವಳು ಆಗಷ್ಟೇ ವಯಸ್ಸಿಗೆ ಬಂದ ಅವನ ಸ್ವಂತ ಮಗಳಾದರೆ, ಹೇಳುವುದು ಅವನ ಕರ್ತವ್ಯ. ಇನ್ನೂ ಒಂದಿದೆ. ‘ನೀನು ಇಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದು ತಿಳಿಯುತ್ತೇನೆ’ ಎಂದು ಕೊಳ್ಳುವವನು ಹೇಳಿದಾಗ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ಕಾನೂನಿನ ಪುಸ್ತಕದಲ್ಲಿ ಇಷ್ಟು ಸೂಕ್ಷ್ಮವಾದ ಮಾತಿರುತ್ತದೆಂದು ನಾನು ಎಣಿಸಿರಲಿಲ್ಲ.

ಬಿ.ಎ.ಯಲ್ಲಿ ತತ್ತ್ವಶಾಸ್ತ್ರ ನನ್ನ ಒಂದು ವಿಷಯವಾಗಿತ್ತು. ರೋಮಿನ ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ, ಅಥೆನ್ಸಿನಲ್ಲಿ ಓದುತ್ತಿದ್ದ ಮಗನಿಗಾಗಿ ಕರ್ತವ್ಯಗಳ ಬಗ್ಗೆ ಪುಸ್ತಕ ಬರೆದ. ಅದರಲ್ಲೊಂದು ಪ್ರಸಂಗ ಬರುತ್ತದೆ. ರೋಡ್ಸ್ ದ್ವೀಪದಲ್ಲಿ ಬರ. ಒಬ್ಬ ವರ್ತಕ ಅಲೆಕ್ಸಾಂಡ್ರಿಯದಿಂದ ಹಡಗಿನ ತುಂಬ ಧಾನ್ಯ ತಂದಿದ್ದಾನೆ. ಹಿಂದೆ ಇನ್ನೂ ಅನೇಕ ಹಡಗುಗಳು ಬರುತ್ತಿರುವುದನ್ನು ಕಣ್ಣಾರೆ ಕಂಡಿದ್ದಾನೆ. ಅದನ್ನು ಊರಿನವರಿಗೆ ಹೇಳಬೇಕೇ, ಸುಮ್ಮನಿದ್ದು ಹೆಚ್ಚಿನ ಬೆಲೆಗೆ ಮಾರಬಹುದೇ? ಡಯೋಜಿನಿಸ್ ಎಂಬ ಪಂಡಿತ, ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ ಎಂದ. ಅವನ ಶಿಷ್ಯ ಆಂಟಿಪೇಟರ್, ಮನುಷ್ಯರು ಒಬ್ಬರಿಗೊಬ್ಬರು ಬೇಕಾದವರಾದ್ದರಿಂದ ಹೇಳಲೇಬೇಕು ಎಂದ. ಸಿಸೆರೊ ಶಿಷ್ಯನ ಪಕ್ಷ ವಹಿಸಿದ. ನಿನಗೆ ಗೊತ್ತಿರುವುದು ತಿಳಿದರೆ ಇನ್ನೊಬ್ಬನಿಗೆ ಪ್ರಯೋಜನ, ನಿನ್ನ ಲಾಭಕ್ಕಾಗಿ ಅದು ಅವನಿಗೆ ತಿಳಿಯದಿರಲಿ ಎಂದು ಬಯಸಿದೆಯಾದರೆ ಅದು ಮುಚ್ಚಿಡುವುದೇ ಎಂಬುದು ಅವನ ವಾದ. ಹುಡುಗಿಯಾಗಿದ್ದಾಗ ಇದನ್ನು ಓದಿ ಮರೆತಿದ್ದೆ. ಬಿಸಿಯಾದರೆ ನಿಲ್ಲುವ ಕಾರಿನಿಂದಾಗಿ ಅದು ಮತ್ತೆ ನೆನಪಿಗೆ ಬಂತು.

ಆದರೆ ಆ ವಾರ ನನ್ನ ನಿದ್ದೆ ಕೆಡಿಸಿದ್ದು ಸಿಸೆರೊ ಅಲ್ಲ. ತಮ್ಮ ಹೇಳಿದ ಕುದುರೆಯ ಮೂರನೆಯ ಉದಾಹರಣೆ.

1999ರಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯ ಶಿಕ್ಷಕಿಯೊಬ್ಬರು ಮಗಳಿಗೆ ಗಂಡು ನೋಡುತ್ತಿದ್ದರು. ನಮ್ಮ ಪಕ್ಕದ ಮನೆಯ ಹುಡುಗನ ಜಾತಕ ಕೂಡಿಬಂತು. ಅವರು ನನ್ನ ಹತ್ತಿರ ಬಂದು ಹುಡುಗ ಹೇಗೆಂದು ಕೇಳಿದರು. ಅವನು ಕುಡಿಯುತ್ತಿದ್ದ. ಕುಡಿದ ರಾತ್ರಿ ತಾಯಿಯ ಮೇಲೆ ಕೈ ಎತ್ತಿದ ಸದ್ದು ಗೋಡೆಯಾಚೆಯಿಂದ ನನಗೆ ಕೇಳಿತ್ತು. ಹಗಲಿನಲ್ಲಿ ಅವನಷ್ಟು ವಿನಯವಂತ ಇನ್ನೊಬ್ಬನಿರಲಿಲ್ಲ. ನಾನು, “ಮನೆತನ ಒಳ್ಳೇದು ಅಕ್ಕ, ಹುಡುಗನಿಗೆ ಖಾಯಂ ಕೆಲಸ” ಎಂದೆ. ಎರಡೂ ನಿಜ. ಅವರು, “ನೋಡು, ನೀನು ಬೇಡ ಅನ್ನದೇ ಇದ್ದರೆ ಒಳ್ಳೇ ಸಂಬಂಧ ಅಂತಲೇ ತಿಳ್ಕೋತೀನಿ” ಎಂದರು. ನಾನು ಸುಮ್ಮನಿದ್ದೆ. ಪಕ್ಕದ ಮನೆಯವರ ನಿಷ್ಠುರ ಯಾಕೆ, ಮದುವೆಯಾದರೆ ಸರಿಹೋಗಬಹುದು, ಋಣಾನುಬಂಧ ತಪ್ಪಿಸಲು ನಾನ್ಯಾರು — ಇಂಥ ಕಾರಣಗಳಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ಹೆಣ್ಣು ನೋಡಲು ಬರುವ ಗಂಡು ಯಾವಾಗಲೂ ತಣ್ಣಗಿನ ಎಂಜಿನ್ನು. ಉಪ್ಪಿಟ್ಟು ತಿಂದು, ಒಂದು ಹಾಡು ಕೇಳಿ, ಒಂದು ರೌಂಡ್ ಹೋಗಿ ಬಂದಂತೆ ಹೋಗುತ್ತಾನೆ. ಆ ಹುಡುಗಿ ಮೂರು ವರ್ಷದಲ್ಲಿ ಮಗುವನ್ನೆತ್ತಿಕೊಂಡು ತವರಿಗೆ ಬಂದಳು. ಅವಳ ತಾಯಿ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಸ್ಟಾಫ್ ರೂಮಿನಲ್ಲಿ ನನ್ನ ಎದುರೇ ಕುಳಿತು ಇನ್ನೂ ಹಲವು ವರ್ಷ ಊಟದ ಡಬ್ಬಿ ಬಿಚ್ಚಿದರು.

ಹೊಸನಗರದ ಹುಡುಗಿಯ ಮುಖ ನೋಡಿದಾಗ ಒಲೆಯ ಮುಂದೆ ನನ್ನನ್ನು ನಿಲ್ಲಿಸಿದ್ದು ಇದೇ ಇರಬೇಕು.

ಆ ವಾರದ ಮಧ್ಯದಲ್ಲಿ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು, ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಕಡೆ ಇಂಥ ಪೆಟ್ಟಿಗೆಗಳನ್ನು ರಿಪೇರಿ ಮಾಡುವ ಸಾಬರೊಬ್ಬರಿದ್ದಾರೆಂದು ಹೇಳಿದರು. ಹಿಂದೆ ಟಿ.ವಿ. ರಿಪೇರಿ ಮಾಡುತ್ತಿದ್ದವರು. ಟಿ.ವಿ.ಗಳನ್ನು ಜನ ರಿಪೇರಿಗೆ ತರುವುದು ಕಡಿಮೆಯಾದ ಮೇಲೆ ಈ ಕೆಲಸಕ್ಕೆ ತಿರುಗಿದ್ದರು. ನಮ್ಮವರು ಬರಲೊಲ್ಲೆ ಎಂದದ್ದರಿಂದ ಮೆಕ್ಯಾನಿಕ್ಕನ್ನು ಕರೆದುಕೊಂಡು ನಾನೇ ಹೋದೆ. ಬ್ಯಾಟರಿಯ ವೈರು ಕಳಚಿ, ಡ್ಯಾಶ್‌ಬೋರ್ಡಿನ ಅಡಿಯಿಂದ ಪೆಟ್ಟಿಗೆ ಹೊರತೆಗೆದರು. ನಾಲ್ಕು ಸ್ಕ್ರೂ ಬಿಚ್ಚಿ, ಸುತ್ತಲಿನ ಅಂಟನ್ನು ಬ್ಲೇಡಿನಿಂದ ಮೆಲ್ಲಗೆ ಕೊಯ್ದು ಮುಚ್ಚಳ ಎತ್ತಿದರು. ಒಳಗೆ ಹಸಿರು ಹಲಗೆ, ಅದರ ಮೇಲೆ ಸಣ್ಣ ಸಣ್ಣ ಬಿಡಿಭಾಗಗಳು. ನನಗೆ ಎಲ್ಲವೂ ಅಚ್ಚುಕಟ್ಟಾಗಿಯೇ ಕಂಡಿತು.

“ತಣ್ಣಗಿದ್ದಾಗ ಎಲ್ಲಾ ಬೋರ್ಡೂ ಒಳ್ಳೇದೇ ಮೇಡಂ” ಎಂದು ಸಾಬರು ನಕ್ಕರು. ಬೋರ್ಡಿಗೆ ಹನ್ನೆರಡು ವೋಲ್ಟಿನ ಕರೆಂಟು ಕೊಟ್ಟು ಮೀಟರ್ ಹಿಡಿದರು. ಒಳಗಿನ ಐದು ವೋಲ್ಟು ಸರಿಯಾಗಿತ್ತು. ಆಮೇಲೆ ಅವರು ತೆಗೆದದ್ದು ಏನು ಗೊತ್ತೆ? ನಮ್ಮ ಮನೆಯ ಹೆಣ್ಣುಮಕ್ಕಳು ಕೂದಲು ಒಣಗಿಸುವ ಡ್ರೈಯರು! ಅದರಿಂದ ಬೋರ್ಡಿಗೆ ಹದವಾಗಿ ಬಿಸಿಗಾಳಿ ಹಿಡಿದರು. ಕೆಲವು ನಿಮಿಷಗಳಲ್ಲಿ ಮೀಟರಿನ ಅಂಕಿ ನಡುಗಿತು, ಐದರಿಂದ ಸೊನ್ನೆಗೆ ಬಿತ್ತು. ಗಾಳಿ ನಿಲ್ಲಿಸಿ ತಣ್ಣಗಾಗಲು ಬಿಟ್ಟರೆ ಮತ್ತೆ ಐದು. “ಕಳ್ಳ ಮನೇಲೇ ಇದ್ದಾನೆ” ಎಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರು.

ಕಳ್ಳರು ಇಬ್ಬರಿದ್ದರು. ಕರೆಂಟು ಒಳಬರುವ ಕಡೆ ಒಂದು ಕಾಲಿನ ಸುತ್ತ ಬೆಸುಗೆಯಲ್ಲಿ ಉಂಗುರದಂತೆ ಬಿರುಕು. ನನಗೂ ಕನ್ನಡಿಯಲ್ಲಿ ತೋರಿಸಿದರು. ಕೂದಲೆಳೆಗಿಂತ ಸಣ್ಣ ಗೆರೆ. ಹದಿಮೂರು ವರ್ಷ ದಿನವೂ ಬಿಸಿಯಾಗಿ ಹಿಗ್ಗಿ, ತಣ್ಣಗಾಗಿ ಕುಗ್ಗಿ, ರಸ್ತೆಯ ಗುಂಡಿಗಳಲ್ಲಿ ಅಲುಗಿ ಬೆಸುಗೆ ಸೋತಿತ್ತು. ಬಿಸಿಯಾದಾಗ ಅದು ಬಾಯಿ ಬಿಡುತ್ತಿತ್ತು. ಎರಡನೆಯದು ಪುಟ್ಟ ಡಬ್ಬಿಯಂಥ ಕೆಪಾಸಿಟರ್. ಅದರ ಒಳಗಿನ ದ್ರವ ಸೋರಿ ಅಕ್ಕಪಕ್ಕದ ತಾಮ್ರದ ಗೆರೆಯನ್ನು ಕಪ್ಪು ಮಾಡಿತ್ತು. “ಮೂಸಿ ನೋಡಿ” ಎಂದರು. ಮೀನಿನ ವಾಸನೆ! ಸೋರಿದ ಕೆಪಾಸಿಟರ್ ಹೀಗೆ ನಾರುತ್ತದಂತೆ.

ಹಳೆಯ ಬೆಸುಗೆಯನ್ನು ಪೂರ್ತಿ ಹೀರಿ ತೆಗೆದು ಹೊಸದಾಗಿ ಹಾಕಿದರು. ಮೇಲೆ ಇನ್ನಷ್ಟು ಸವರಿದರೆ ಒಳಗಿನ ಬಿರುಕು ಹಾಗೇ ಉಳಿಯುತ್ತದಂತೆ. ಸೋರಿದ ಕಡೆ ಸ್ಪಿರಿಟ್ ಹಾಕಿ ಬ್ರಷ್ಷಿನಿಂದ ತೊಳೆದು, 85 ಡಿಗ್ರಿ ತಡೆಯುವ ಹಳೆಯ ಕೆಪಾಸಿಟರಿನ ಜಾಗದಲ್ಲಿ 105 ಡಿಗ್ರಿ ತಡೆಯುವುದನ್ನು ಕೂರಿಸಿದರು. ಮತ್ತೆ ಡ್ರೈಯರ್ ಹಿಡಿದರು. ಅಂಕಿ ಅಲುಗಲಿಲ್ಲ. “ಮೇನ್ ಚಿಪ್ಪೇ ಸುಟ್ಟಿದ್ದರೆ ನನ್ನ ಕೈಲಿ ಆಗ್ತಿರಲಿಲ್ಲ. ಅದರೊಳಗೆ ಬರೆದಿರೋದು ಹೋದ್ರೆ ಹೋಯ್ತು” ಎಂದು ತಾವಾಗಿಯೇ ಹೇಳಿದರು. ಸಾವಿರದ ಎಂಟುನೂರು ರೂಪಾಯಿ ತೆಗೆದುಕೊಂಡರು. ಹಾಕಿದ ಸಾಮಾನಿಗೆ ಐವತ್ತು ರೂಪಾಯಿಯೂ ಆಗಿರಲಿಕ್ಕಿಲ್ಲ. ಉಳಿದದ್ದು ಎಲ್ಲಿ ಮುಟ್ಟಬೇಕೆಂಬ ತಿಳಿವಳಿಕೆಗೆ.

ಮುಚ್ಚಳ ಹಾಕುವ ಮೊದಲು ಅವರು ಮಾರ್ಕರ್ ಪೆನ್ನಿನಿಂದ ಮುಚ್ಚಳದ ಒಳಮೈಯಲ್ಲಿ ಏನೋ ಬರೆದರು. ಏನೆಂದು ಕೇಳಿದೆ. ತಾರೀಖು, ಬದಲಿಸಿದ ಕೆಪಾಸಿಟರ್, ಬೆಸುಗೆ ಹಾಕಿದ ಜಾಗ. “ಮುಂದೆ ಯಾರಾದ್ರೂ ಬಿಚ್ಚಿದ್ರೆ ಗೊತ್ತಾಗಬೇಕಲ್ಲ” ಎಂದರು. ಅದನ್ನು ಯಾರೂ ಎಂದೂ ಬಿಚ್ಚದೆ ಇರಬಹುದು. ಕೇಳದೆ ಇರುವವನಿಗೂ ಉತ್ತರ ಬರೆದಿಟ್ಟ ಹಾಗಿತ್ತು ಅದು. ಡಯೋಜಿನಿಸನಿಗೂ ಆಂಟಿಪೇಟರನಿಗೂ ನಡೆದ ವಾದ ಆ ಅಂಗಡಿಯಲ್ಲಿ ಎಂದೋ ತೀರ್ಮಾನವಾಗಿತ್ತು.

ಭಾನುವಾರ ಹೊಸನಗರದ ಹುಡುಗ ಒಬ್ಬನೇ ಬಂದ. ನಾನು ಎಲ್ಲವನ್ನೂ ಹೇಳಿದೆ: ಮಂಡಗದ್ದೆಯಲ್ಲಿ ನಿಂತದ್ದು, ಹೋದ ವಾರ ತಣ್ಣಗಿನ ಗಾಡಿ ತೋರಿಸಿದ್ದು, ಈಗ ರಿಪೇರಿಯಾಗಿರುವುದು. ಅವನು ಕಾಫಿ ಕುಡಿದು, “ಯೋಚನೆ ಮಾಡಿ ಹೇಳ್ತೀನಿ ಅಮ್ಮ” ಎಂದು ಹೋದ. ಮತ್ತೆ ಬರಲಿಲ್ಲ. ನಿಜ ಹೇಳಿದ್ದಕ್ಕೆ ಅವನು ಮೆಚ್ಚಿ ಹೆಚ್ಚಿನ ಬೆಲೆ ಕೊಟ್ಟನೆಂದು ಬರೆಯಲು ಚೆನ್ನಾಗಿರುತ್ತಿತ್ತು. ಹಾಗೆ ಆಗಲಿಲ್ಲ. “ರಿಪೇರಿಯಾಗಿದೆಯಲ್ಲ, ಇನ್ನು ಹೇಳುವ ಅಗತ್ಯ ಏನಿತ್ತು?” ಎಂದು ನಮ್ಮವರು ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿರಲಿಲ್ಲ. ಮುಚ್ಚಳದ ಒಳಗೆ ಬರೆದದ್ದನ್ನು ನಾನು ಹೊರಗೆ ಓದಿ ಹೇಳಿದೆ, ಅಷ್ಟೇ ಎನಿಸಿತು. ಕಾರು ನಮ್ಮಲ್ಲೇ ಉಳಿಯಿತು. ಬ್ಯಾಟರಿ ತೆಗೆದು ಹಾಕಿದ್ದರಿಂದ ಎರಡು ದಿನ ನಿಂತಲ್ಲಿ ಸ್ವಲ್ಪ ನಡುಗಿತು, ಆಮೇಲೆ ತಾನೇ ಸರಿಹೋಯಿತು. 2021ರಲ್ಲಿ ನಾವು ಅದನ್ನು ಕೊಡುವವರೆಗೂ ದಾರಿಯಲ್ಲಿ ನಿಲ್ಲಲಿಲ್ಲ. ಕೊಂಡವರಿಗೂ ಹೇಳಿದೆವು. ಅವರು ನಾಲ್ಕು ಸಾವಿರ ಕಡಿಮೆ ಕೊಟ್ಟರು.

ಇನ್ನೊಂದು ಬಿರುಕು ಉಳಿದಿತ್ತು. ಆ ಬೇಸಿಗೆ ರಜೆಯಲ್ಲಿ, ನಿವೃತ್ತರಾಗಿದ್ದ ಆ ಹಿರಿಯ ಶಿಕ್ಷಕಿಯ ಮನೆಗೆ ಹೋದೆ. ಅವರ ಮೊಮ್ಮಗಳು ಹೈಸ್ಕೂಲಿನಲ್ಲಿದ್ದಳು, ಬಾಗಿಲು ತೆಗೆದವಳು ಅವಳೇ. ಹಪ್ಪಳದ ಹಿಟ್ಟು ನಾದುತ್ತಿದ್ದ ಅವರ ಎದುರು ಕುಳಿತು, “ಅಕ್ಕ, ಅವತ್ತು ನನಗೆ ಗೊತ್ತಿತ್ತು, ಆದರೂ ಹೇಳಲಿಲ್ಲ” ಎಂದೆ. ಅವರು ನಾದುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು: “ನಿನಗೆ ಗೊತ್ತಿತ್ತು ಅನ್ನೋದು ನನಗೂ ಅವತ್ತೇ ಗೊತ್ತಾಗಿತ್ತು. ನಿನ್ನ ಮುಖ ಹೇಳ್ತಿತ್ತು. ನಾನೂ ಇನ್ನೊಂದು ಸಲ ಕೇಳಲಿಲ್ಲ. ಸಂಬಂಧ ತಪ್ಪಿಹೋದೀತು ಅಂತ ಭಯ ಇತ್ತು.”

ಅಂದರೆ ಮಾರುವವರಷ್ಟೇ ಅಲ್ಲ, ಕೊಳ್ಳುವವರೂ ಗಾಡಿ ತಣ್ಣಗಿರುವಾಗಲೇ ನೋಡಲು ಬಯಸುತ್ತಾರೆ. ಇದು ಕಾಯಿದೆಯಲ್ಲಿಯೂ ಇಲ್ಲ, ಸಿಸೆರೊ ಪುಸ್ತಕದಲ್ಲಿ ಓದಿದ ನೆನಪೂ ನನಗಿಲ್ಲ. ಹಾಗೆಂದು ನನ್ನ ಪಾಲು ಕಡಿಮೆಯಾಗುವುದಿಲ್ಲ. ಅವರು ಹೆದರಿ ಕೇಳದಿದ್ದರೆ, ಹೆದರಿಕೆ ಇಲ್ಲದ ನಾನು ಹೇಳಬೇಕಿತ್ತು. ಆ ಹುಡುಗಿಯ ಮೂರು ವರ್ಷವನ್ನು ಯಾವ ಬೆಸುಗೆಯೂ ವಾಪಸು ತರುವುದಿಲ್ಲ. ಚಿಪ್ಪಿನಲ್ಲಿ ಬರೆದಿರುವುದು ಹೋದರೆ ಹೋಯಿತು ಎಂದು ಸಾಬರು ಹೇಳಿದ್ದು ಅದಕ್ಕೇ ಸರಿ.

ಸಂಜೆ ಹೊರಟಾಗ ಅವರು ಹಿಟ್ಟಿನ ಒಂದು ಉಂಡೆಯನ್ನು ಬಾಳೆಲೆಯಲ್ಲಿ ಸುತ್ತಿ ನನ್ನ ಕೈಗಿಟ್ಟು, ಗೇಟಿನ ತನಕ ಬಂದರು. “ಕಾರಿನಲ್ಲಿ ಬಂದೆಯಾ? ಮೊನ್ನೆ ಕೆಟ್ಟಿದೆ ಅಂತ ಕೇಳಿದ್ದೆ” ಎಂದರು. ಕೆಟ್ಟಿತ್ತು, ರಿಪೇರಿಯಾಯಿತು ಎಂದೆ. ಏನಾಗಿತ್ತು ಎಂದು ಕೇಳಿದರು. ಆ ಬಿಸಿಲಿನಲ್ಲಿ ಗೇಟಿನ ಬಳಿ ನಿಂತೇ ಎಲ್ಲವನ್ನೂ ಮೊದಲಿನಿಂದ ಹೇಳಿದೆ.